ಕಂತಿನಲ್ಲಿ ಕೊಟ್ಟ ಮುಡಿ

ಜಂಗಮಕೋಟೆಯಲ್ಲಿ ನನ್ನ ಸೋದರಮಾವನಷ್ಟು ಸಲ ದೇವರ ಹೆಸರು ಹೇಳುವವರು ಇನ್ನೊಬ್ಬರಿಲ್ಲ. ಪೂಜಾರಿಗಳೂ ಹೇಳುವುದಿಲ್ಲ. ವ್ಯತ್ಯಾಸ ಇಷ್ಟೇ, ಮಾವ ಪ್ರತಿ ಸಲವೂ ಆ ಹೆಸರಿನ ಮುಂದೆ ‘ಇಲ್ಲ’ ಎಂಬುದೊಂದನ್ನು ಸೇರಿಸುತ್ತಾರೆ.

ಹೋದ ವರ್ಷದವರೆಗೆ ಅವರು ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ದೇವರು ಯಾಕಿಲ್ಲ ಎಂಬುದನ್ನು ವಿವರಿಸಿದ ಮೇಲೆಯೇ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುತ್ತಿದ್ದರು. ವಿಭೂತಿ ಇಟ್ಟವರು, ನಾಮ ಹಾಕಿದವರು, ಟೋಪಿ ಇಟ್ಟವರು ಎಲ್ಲರೂ ಒಟ್ಟಿಗೆ ತಲೆಯಾಡಿಸುತ್ತಿದ್ದರು. ಹಾಲಿನಲ್ಲಿ ನೀರೆಷ್ಟಿದೆ ಎಂದು ಅಳೆಯುವ ಮನುಷ್ಯನ ಎದುರು ದೇವರ ಪರವಾಗಿ ವಾದ ಮಾಡಲು ಯಾರಿಗೆ ತಾನೇ ಧೈರ್ಯ ಬಂದೀತು? ಮಾವ ಮಾತ್ರ ಊರು ಬದಲಾಗುತ್ತಿದೆ ಎಂದೇ ತಿಳಿದಿದ್ದರು.

ಬದಲಾಗದೆ ಉಳಿದವರು ಅತ್ತೆ. ಚಿಂತಾಮಣಿ ಕಡೆಯವರು, ಆಕಳಿಸಿದರೂ ‘ಏಡುಕೊಂಡಲವಾಡಾ’ ಎಂದು ತಿರುಪತಿ ತಿಮ್ಮಪ್ಪನನ್ನು ಕರೆಯುವವರು. ಒಂದು ನಾಗರಪಂಚಮಿಯ ದಿನ ಹುತ್ತಕ್ಕೆ ಎರೆಯಲು ಹಾಲಿನ ಚೊಂಬು ಹಿಡಿದು ಹೊರಟವರನ್ನು ಮಾವ ಬಾಗಿಲಲ್ಲೇ ತಡೆದರು. ನಾವೆಲ್ಲ ಜಗಳ ನೋಡಲು ಅನುಕೂಲವಾದ ಜಾಗ ಹಿಡಿದು ಕುಳಿತೆವು. ಮಾವ ಮಾತ್ರ ಚೊಂಬಿನ ಹಾಲನ್ನು ಜಾಡಿಗೆ ಸುರಿದು ಲ್ಯಾಕ್ಟೋಮೀಟರ್ ಬಿಟ್ಟರು.

“ಅರ್ಧ ನೀರಿದೆಯಲ್ಲೇ ಇದ್ರಲ್ಲಿ.”

“ಗಟ್ಟಿ ಹಾಲು ನಾಗಪ್ಪಂಗೆ ಅರಗಲ್ಲ ಅಂತ...” ಎಂದರು ಅತ್ತೆ.

“ಹಾವು ಹಾಲು ಕುಡಿಯಲ್ಲ, ದೇವರು ಇಲ್ಲ, ಅದು ಬೇರೆ ವಿಷಯ. ಇಲ್ದೇ ಇರೋನಿಗೇ ಆದ್ರೂ ನೀರು ಬೆರೆಸಿ ಕೊಡೋದು ಮೋಸ ಕಣೇ.”

ಮುಂದಿನ ವರ್ಷದಿಂದ ಹುತ್ತದ ಹಾಲನ್ನು ಮಾವನೇ ಅಳೆದು ಕೊಡತೊಡಗಿದರು. ನಮ್ಮ ತಾಲ್ಲೂಕಿನ ಯಾವ ಹುತ್ತಕ್ಕೂ ಅಂಥ ಹಾಲು ಬಿದ್ದಿರಲಾರದು!

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಎಂಟು ವರ್ಷದ ಹಿಂದೆ ಡೆಂಗ್ಯೂ ಬಂತು. ಮಾವ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಅತ್ತೆ ಹೊರಗೆ ಬೆಂಚಿನ ಮೇಲೆ ಕುಳಿತು ತಿಮ್ಮಪ್ಪನಿಗೆ ಹರಕೆ ಹೊತ್ತರು. ಏನಂತ? ಮಾವನ ಮುಡಿ ಕೊಡುತ್ತೇನೆ ಅಂತ. ಮಾವ ಎದ್ದು ಕುಳಿತು ಗಂಜಿ ಕುಡಿಯುವಾಗ ಈ ವಿಷಯ ತಿಳಿಯಿತು. ಆ ಕಾಲಕ್ಕೆ ಅವರದು ಬಾಚಣಿಗೆ ಮುರಿಯುವಂಥ ಕೂದಲು, ದಿನಕ್ಕೆ ಮೂರು ಸಲ ಬೈತಲೆ ತಿದ್ದಿಕೊಳ್ಳುತ್ತಿದ್ದರು.

“ತಲೆ ನಂದು. ನನ್ನ ಕೇಳ್ದೆ ಅದನ್ನ ಯಾರಿಗೋ ಹೇಗೆ ಕೊಡ್ತೀಯ?” ಎಂದು ಕೇಳಿದರು. ತಮ್ಮನ್ನು ಉಳಿಸಿದ್ದು ಡಾಕ್ಟರು, ಅವರೇನಾದರೂ ಕೂದಲು ಕೇಳಿದರೆ ಯೋಚಿಸುತ್ತೇನೆ ಎಂದೂ ಹೇಳಿದರು. ಡಾಕ್ಟರು ಕೇಳಲಿಲ್ಲ.

ಅತ್ತೆ ವಾದ ಮಾಡಲಿಲ್ಲ. ಆದರೆ ಒಪ್ಪಿಸದ ಹರಕೆ ಸುಮ್ಮನೆ ಬಿಡುತ್ತದೆಯೇ? ಮಾವ ಸೀನಿದರೆ ಅತ್ತೆ ಅವರ ಮುಖ ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದರು. ಪಡಸಾಲೆಯಲ್ಲಿ ಮಾವ ನಿದ್ದೆ ಹೋದರೆ ಉಸಿರಾಡುತ್ತಿದ್ದಾರೆಯೇ ಎಂದು ಬಂದು ಬಂದು ನೋಡಿ ಹೋಗುತ್ತಿದ್ದರು. ಅತ್ತೆಯ ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು.

ಕೊನೆಗೆ ಒಂದು ದಾರಿ ಹುಡುಕಿಕೊಂಡರು. ಆ ದಾರಿ ನನ್ನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ನಾನಿರುವುದು ಶಿಡ್ಲಘಟ್ಟದಲ್ಲಿ, ಮಾವ ತಿಂಗಳಿಗೊಮ್ಮೆ ಕಟಿಂಗ್ ಮಾಡಿಸುವುದೂ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಪಕ್ಕ ನಾವೆಲ್ಲ ಚಾಚಾ ಎಂದು ಕರೆಯುವ ಮುದುಕರ ಅಂಗಡಿಯಲ್ಲಿ. ಮಾವ ಎದ್ದು ಹೋದ ಮೇಲೆ ಚಾಚಾ ಬಿದ್ದ ಕೂದಲನ್ನು ಪೊಟ್ಟಣ ಕಟ್ಟುವುದು, ಪೇಪರ್ ಓದುವ ನೆಪದಲ್ಲಿ ಅಲ್ಲೇ ಕುಳಿತ ನಾನು ಅದನ್ನು ಅತ್ತೆಗೆ ತಲುಪಿಸುವುದು. ಐದು ಹೊತ್ತು ನಮಾಜು ಮಾಡುವ ಚಾಚಾ ಹರಕೆಯ ವಿಷಯ ಕೇಳಿದ ದಿನವೇ, ಕತ್ತರಿಸುವಾಗ ಮಾವನಿಗೆ ಹೊದಿಸಲು ಹೊಸ ಬಟ್ಟೆಯೊಂದನ್ನು ತಂದಿಟ್ಟರು. “ಮನ್ನತ್ ಯಾರ್ದಾದ್ರೂ ಆಗ್ಲಿ, ಮನ್ನತ್ತೇ. ನೆಲಕ್ಕೆ ಬೀಳಬಾರ್ದು,” ಎಂದರು.

ಮುಡಿಯನ್ನು ಹೀಗೆ ಕಂತಿನಲ್ಲಿ ಕೊಡಬಹುದೇ ಎಂದು ಅತ್ತೆ ಪುರೋಹಿತರನ್ನು ಕೇಳಿದ್ದರು. ಅವರು ಬಹಳ ಹೊತ್ತು ಯೋಚಿಸಿ, ನಿಮ್ಮ ಮನಸ್ಸಿಗೆ ತುಂಬಿತು ಅನ್ನಿಸಿದ ದಿನ ಮುಡಿ ತುಂಬಿದ ಹಾಗೆ ಎಂದರಂತೆ. ಇದು ದೊಡ್ಡ ತೊಂದರೆಯಾಯಿತು. ಕೂದಲು ಕೂಡಿಟ್ಟ ಹಳದಿ ಬಟ್ಟೆಯ ಗಂಟು ಚಿಕ್ಕ ದಿಂಬಿನಷ್ಟಾದರೂ ಅತ್ತೆಯ ಮನಸ್ಸಿಗೆ ತುಂಬಲಿಲ್ಲ. ಪ್ರತಿ ತಿಂಗಳೂ ಎತ್ತಿ ನೋಡಿ, “ಇನ್ನೂ ಆಗಿಲ್ಲ ಕಣಪ್ಪ,” ಎನ್ನುವರು. ಇತ್ತ ಮಾವನ ತಲೆ ಕಾಯುತ್ತಾ ಕೂರಲಿಲ್ಲ. ಮುಂದಿನಿಂದ ಶುರುವಾಗಿ ನಡುನೆತ್ತಿಯವರೆಗೂ ಬಯಲಾಯಿತು. ಉಳಿದ ನಾಲ್ಕು ಕೂದಲಿಗೆ ಮಾವ ಕಪ್ಪು ಬಣ್ಣ ಹಚ್ಚಿಕೊಂಡು ತಿಂಗಳು ತಪ್ಪದೆ ಕಟಿಂಗಿಗೆ ಬರುತ್ತಿದ್ದರು. ಏನಿದೆ ಅಂತ ಬರ್ತಾರೆ ಎಂದು ನಾನು, ಏನಿದೆ ಅಂತ ಕತ್ತರಿಸಲಿ ಎಂದು ಚಾಚಾ.

ರಿಟೈರಾದ ಮೇಲೆ ಮಾವ ಇದ್ದಕ್ಕಿದ್ದಂತೆ ಗಡ್ಡ ಬಿಟ್ಟರು. ಅದಕ್ಕೆ ಬಣ್ಣ ಹಚ್ಚಲಿಲ್ಲ. ಬೆಳ್ಳಗೆ ಎದೆಯವರೆಗೆ ಇಳಿಯಿತು. ವಿಚಾರವಂತರಿಗೆ ಗಡ್ಡ ಇರಬೇಕು ಎಂದರು. ಆದರೆ ಬಸ್ಸಿನಲ್ಲಿ ಜನ “ಕೂತ್ಕೊಳ್ಳಿ ಸ್ವಾಮಿಗಳೇ” ಎಂದು ಸೀಟು ಬಿಡತೊಡಗಿದರು. ಒಬ್ಬಾಕೆ ಕೂಸನ್ನು ತಂದು ಕಾಲ ಬಳಿ ಮಲಗಿಸಿದಳು! ಅತ್ತೆಗೆ ಆ ಗಡ್ಡ ಕಂಡರೆ ಆಗುತ್ತಿರಲಿಲ್ಲ, ಸಾರಿನಲ್ಲಿ ಅದ್ದುತ್ತದೆ ಎಂದು ದಿನಾ ಬೈಯುತ್ತಿದ್ದರು. ಇಷ್ಟೆಲ್ಲವನ್ನೂ ಮಾವ ಸಹಿಸಿಕೊಂಡದ್ದು ನನಗೆ ಆಶ್ಚರ್ಯವಾಗಿತ್ತು.

ಹೋದ ತಿಂಗಳು ಕಟಿಂಗಿಗೆ ಬಂದವರು, ಗಡ್ಡವನ್ನೂ ತೆಗೆದುಬಿಡು ಎಂದರು. ಚಾಚಾ ಕತ್ತರಿಯಲ್ಲಿ ಗಡ್ಡ ಇಳಿಸಿ, ಅದು ಲೆಕ್ಕಕ್ಕಿಲ್ಲವೆಂದು ಬಟ್ಟೆಯಿಂದ ಕೊಡವಲು ಹೋದರು. ಮಾವ ಅವರ ಕೈ ಹಿಡಿದರು.

“ಕೊಡವಬೇಡ ಚಾಚಾ. ಅದನ್ನೂ ಪೊಟ್ಟಣಕ್ಕೆ ಸೇರಿಸು.”

ಚಾಚಾ ಕತ್ತರಿ ಹಿಡಿದು ಹಾಗೇ ನಿಂತರು. ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ, “ನೀನೂ ಪೇಪರ್ ಇಳಿಸಪ್ಪ. ಎಂಟು ವರ್ಷದಿಂದ ಅದೇ ಪುಟ ಓದ್ತಿದ್ದೀಯ,” ಎಂದರು.

ಬೈಕಿನಲ್ಲಿ ಅವರನ್ನು ಊರಿಗೆ ಕರೆದುಕೊಂಡು ಹೋಗುವಾಗ, ಗೊತ್ತಿದ್ದ ಮೇಲೆ ತಿರುಪತಿಗೇ ಒಂದು ಸಲ ಹೋಗಿ ಬರಬಹುದಿತ್ತಲ್ಲ ಮಾವ ಎಂದೆ.

“ಅಲ್ಲಿ ಹೋಗಿ ತಲೆ ಒಡ್ಡಿದ್ರೆ ನಾನು ಸುಳ್ಳು ಹೇಳ್ದಂಗಾಗುತ್ತೆ. ದೇವರಿಲ್ಲ ಕಣೋ. ಆದ್ರೆ ಅವಳ ಭಯ ಇದೆಯಲ್ಲ, ಅದರಲ್ಲಿ ಒಂದು ತೊಟ್ಟೂ ನೀರಿಲ್ಲ.” ನನ್ನ ಕಿವಿಯ ಹತ್ತಿರ ಬಾಗಿ, “ತಲೇದು ಇನ್ನು ಸಾಲಲ್ಲ. ಅದಕ್ಕೇ ಗಡ್ಡ ಬಿಟ್ಟಿದ್ದು. ಅವಳಿಗೆ ಹೇಳಬೇಡ,” ಎಂದರು. ಬೈಕು ಓಡಿಸುತ್ತಿದ್ದೆನಾದ್ದರಿಂದ ನನ್ನ ಮುಖ ಅವರಿಗೆ ಕಾಣಲಿಲ್ಲ, ಅಷ್ಟೇ ಪುಣ್ಯ.

ಕಟಿಂಗ್ ಮಾಡಿಸಿದವರು ಸ್ನಾನ ಮಾಡದೆ ಒಳಗೆ ಬರಬಾರದೆಂಬುದು ಅತ್ತೆಯ ಶಾಸ್ತ್ರ. ಮಾವ ಅದನ್ನು ಸ್ವಚ್ಛತೆ ಎಂದು ಕರೆದು ಪಾಲಿಸುತ್ತಾರೆ. ಅವರು ಹಿತ್ತಲಿನಿಂದಲೇ ಬಚ್ಚಲಿಗೆ ಹೋದರು. ನಾನು ಒಳಗೆ ಹೋಗಿ ಪೊಟ್ಟಣ ಕೊಟ್ಟೆ. ಅತ್ತೆ ಬಿಚ್ಚಿದರು. ನಾಲ್ಕು ಕರಿ ಕೂದಲು, ಉಳಿದದ್ದೆಲ್ಲ ಬೆಳ್ಳಗೆ.

ಅಷ್ಟರಲ್ಲಿ ಮಾವ ನುಣ್ಣನೆಯ ಮುಖ ಹೊತ್ತು ಹಿತ್ತಲ ಬಾಗಿಲಿಗೆ ಬಂದು ನಿಂತರು. ಅತ್ತೆ ಆ ಮುಖವನ್ನೊಮ್ಮೆ, ಕೈಯಲ್ಲಿದ್ದುದನ್ನೊಮ್ಮೆ ನೋಡಿದರು. ದೇವರ ಗೂಡಿನಿಂದ ಹಳದಿ ಗಂಟು ತೆಗೆದು, ಪೊಟ್ಟಣದಲ್ಲಿದ್ದುದನ್ನು ಒಳಗಿಟ್ಟು, ಬಿಗಿಯಾಗಿ ಗಂಟು ಹಾಕಿದರು. ಈ ಸಲ ಅದನ್ನು ಎತ್ತಿ ನೋಡಲಿಲ್ಲ.

“ತುಂಬ್ತು ಕಣಪ್ಪ,” ಎಂದರು ನನಗೆ. ಆಮೇಲೆ ಬಾಗಿಲ ಕಡೆ ತಿರುಗಿ, “ಗಡ್ಡಾನೂ ಚೆನ್ನಾಗೇ ಇತ್ತು ರೀ,” ಎಂದರು.

ಮಾವ ಆಗಲೇ ಒಣಗಿದ್ದ ಮುಖವನ್ನು ಟವೆಲಿನಿಂದ ಬಹಳ ಹೊತ್ತು ಒರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದರು.