ಕೆಲಸ ಸಿಗೋವರೆಗೂ ಬರೀತಾನ್ರಿ

ಕೆಲಸ ಇರುವವರಿಗೆ ದಿನವೆಲ್ಲ ಒಂದೇ ಕೆಲಸ. ಕೆಲಸ ಇಲ್ಲದವನಿಗೆ ದಿನಕ್ಕೊಂದು ಪ್ರಸಂಗ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿ.ಎ. ಮುಗಿಸಿ ಚಳ್ಳಕೆರೆಯಲ್ಲಿ ಕೆಲಸ ಹುಡುಕುತ್ತಿದ್ದ ನನಗೆ ಸಂಬಳ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತಿತ್ತು. ಬೆಳಿಗ್ಗೆ ಟೈಪಿಂಗ್ ಕ್ಲಾಸು, ಮಧ್ಯಾಹ್ನ ಲೈಬ್ರರಿಯಲ್ಲಿ ಪೇಪರಿನ ‘ಬೇಕಾಗಿದ್ದಾರೆ’ ಕಾಲಮ್ಮು, ಸಂಜೆ ಮಹಡಿ ಮೇಲೆ ಕೂತು ಕವನ, ಕಥೆ ಮತ್ತು ಮುಗಿಯದ ಒಂದು ಕಾದಂಬರಿ. ಮಹಡಿಯಿಂದ ನೋಡಿದರೆ ಎಣ್ಣೆ ಮಿಲ್ಲುಗಳ ಹೊಗೆಕೊಳವೆ, ಅದರಾಚೆ ಬಯಲು, ಬಯಲಿನ ಮೇಲೆ ನಿಧಾನವಾಗಿ ಸರಿಯುವ ಮೋಡದ ನೆರಳು. ಆ ನೆರಳು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನೋಡುತ್ತ ಕೂತರೆ ಪೆನ್ನಿನ ಇಂಕು ಒಣಗಿದ್ದೂ ತಿಳಿಯುತ್ತಿರಲಿಲ್ಲ.

ಅಪ್ಪ ಇದು ಕಣ್ಣಿಗೆ ಬಿದ್ದಾಗಲೆಲ್ಲ ‘ಕೆಲಸ ಇಲ್ಲದ ಬಡಗಿ...’ ಎಂದು ಗಾದೆ ಶುರು ಮಾಡುತ್ತಿದ್ದರು. ಅವ್ವ ಪಕ್ಕದಲ್ಲಿದ್ದಾಳೆ ಎಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕೊನೆಗೊಂದು ದಿನ ಗಡುವೇ ಕೊಟ್ಟರು. ‘ಈ ಸಲ ಶೇಂಗಾ ಸುಗ್ಗಿ ಮುಗಿಯೋದ್ರೊಳಗೆ ಎಲ್ಲಾದ್ರೂ ಸೇರ್ಕೊ. ಇಲ್ಲಾಂದ್ರೆ ನಿಮ್ಮ ಮಾವನ ಗೊಬ್ಬರದ ಅಂಗಡೀಲಿ ಹೋಗಿ ಕೂತ್ಕೊ.’

ನನ್ನ ಸೋದರಮಾವ ಒಳ್ಳೆಯವರು. ಆದರೆ ಕವಿ ಕೂತ ಅಂಗಡಿ ಉದ್ಧಾರವಾಗುವುದಿಲ್ಲ ಎಂದು ಬಲವಾಗಿ ನಂಬಿದವರು. ‘ಬರಲಿ, ಪೆನ್ನು ಮನೇಲಿ ಇಟ್ಟು ಬರಲಿ’ ಎಂದು ಹೇಳಿಕಳಿಸಿದ್ದರು. ಹಾಗಾಗಿ ನನಗೆ ಕೆಲಸ ಬೇಕಾಗಿದ್ದದ್ದು ಹೊಟ್ಟೆಗಿಂತ ಹೆಚ್ಚಾಗಿ ಪೆನ್ನಿಗೆ.

ಅವ್ವನ ಉತ್ತರ

ಒಮ್ಮೆ ನನ್ನಿವಾಳದ ಕಡೆಯ ಹಿರಿಯರೊಬ್ಬರು ಮನೆಗೆ ಬಂದರು. ಅವರಿಗೆ ಮದುವೆ ವಯಸ್ಸಿಗೆ ಬಂದ ಮೊಮ್ಮಗಳಿದ್ದಳು. ಹುಡುಗನನ್ನು ಸುಮ್ಮನೆ ನೋಡಿಕೊಂಡು ಹೋಗುವ ಲೆಕ್ಕಾಚಾರ. ನಾನು ಮಹಡಿ ಮೇಲಿದ್ದೆ. ಮೆಟ್ಟಿಲ ಸಂದಿಯಿಂದ ಕೆಳಗಿನವರು ಕಾಣುತ್ತಿದ್ದರು, ಮಾತೂ ಚೆನ್ನಾಗಿ ಕೇಳುತ್ತಿತ್ತು.

‘ಹುಡುಗ ಏನ್ ಮಾಡ್ತಾನಮ್ಮ?’

‘ಬರೀತಾನ್ರಿ’ ಎಂದಳು ಅವ್ವ. ಸುಳ್ಳು ಹೇಳುವವಳಲ್ಲ.

‘ಯಾವ ಆಫೀಸ್ನಾಗೆ?’

‘ಮಹಡಿ ಮೇಲೆ ರೀ.’

‘ಎಷ್ಟು ದಿನದಿಂದ ಹಿಂಗೆ?’

‘ಕಾಲೇಜು ಮುಗಿದಾಗಿನಿಂದ್ಲೂ ಐತ್ರಿ. ಕೆಲಸ ಸಿಗೋವರೆಗೂ ಬರೀತಾನ್ರಿ, ಆಮೇಲೆ ಬಿಡ್ತಾನೆ.’

ಅವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಅವ್ವನನ್ನು ನೋಡಿ ನಿಜವಾದ ಮರುಕದಿಂದ ಹೇಳಿದರು: ‘ಆಗ್ಲಮ್ಮ, ವಾಸಿ ಆದ್ಮೇಲೆ ಹೇಳಿಕಳಿಸು.’

ಚೆಂದದ ಕತ್ತಲು

ನಮ್ಮ ಬೀದಿಯಲ್ಲಿ ದೀಪದ ಕಂಬ ಇತ್ತು, ದೀಪ ಇರಲಿಲ್ಲ. ಪುರಸಭೆಗೆ ಅರ್ಜಿ ಬರೆಯಬೇಕೆಂದು ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದಾಗ ಎದುರುಮನೆಯ ಬಳೆ ಅಂಗಡಿಯವರು ನನ್ನ ಕಡೆ ಬೆರಳು ತೋರಿಸಿದರು. ‘ಈತ ಹೆಂಗೂ ಖಾಲಿ ಕೂತವ್ನೆ. ಬರೆಯೋ ಚಟಾನೂ ಐತೆ.’

ನನಗೆ ಸಿಕ್ಕ ಮೊದಲ ಜವಾಬ್ದಾರಿ ಅದು. ಕತ್ತಲನ್ನು ಸರಿಯಾಗಿ ವರ್ಣಿಸದೆ ಬೆಳಕು ಕೇಳುವುದು ಹೇಗೆ? ಅಮಾವಾಸ್ಯೆಯ ದಿನ ನಮ್ಮ ಬೀದಿಯ ಮೇಲೆ ನಕ್ಷತ್ರಗಳು ಕೈಗೆ ಸಿಗುವಷ್ಟು ಹತ್ತಿರ ಇಳಿಯುವುದನ್ನು ಬರೆದೆ. ಬೇವಿನ ಮರದ ನೆರಳು ಕತ್ತಲೊಳಗೆ ಕರಗುವುದನ್ನು, ಬಾಗಿಲ ಸಂದಿಯಿಂದ ಬೀಳುವ ಒಲೆಯ ಬೆಳಕಿನ ಗೆರೆಯನ್ನು, ಎಲ್ಲೋ ಅಳುವ ಮಗುವಿಗೆ ಯಾರೋ ಹಾಡುವ ಜೋಗುಳವನ್ನು ಬರೆದೆ. ಬರೆಯುತ್ತ ಬರೆಯುತ್ತ ನನಗೇ ಆ ಬೀದಿಯ ಮೇಲೆ ಪ್ರೀತಿ ಉಕ್ಕಿತು. ಕೊನೆಯ ಸಾಲಿನಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಬಲ್ಬು ಕೇಳಿದೆ.

ಅರ್ಜಿ ಕೊಡಲು ಹೋದ ಬಳೆ ಅಂಗಡಿಯವರು ಸಂಜೆ ವಾಪಸು ಬಂದರು. ಮುಖದಲ್ಲಿ ಖುಷಿಯೂ ಇತ್ತು, ಗೊಂದಲವೂ ಇತ್ತು.

‘ಆಫೀಸರ್ರು ಎರಡು ಸಲ ಓದಿದ್ರಪ್ಪ. ಪಕ್ಕದ ಟೇಬಲಿನೋರಿಗೂ ಓದಿ ಹೇಳಿದ್ರು. ನನ್ನ ಕೂರಿಸಿ ಟೀ ಕುಡಿಸಿದ್ರು.’

‘ದೀಪ?’

‘ಇಷ್ಟು ಚೆಂದದ ಕತ್ತಲನ್ನ ಕೆಡಿಸಬಾರ್ದಂತೆ.’

ಅಲ್ಲಿಂದಾಚೆ ನಮ್ಮ ಬೀದಿಯಲ್ಲಿ ಯಾರು ಎಡವಿದರೂ ಕಲ್ಲನ್ನು ಬಿಟ್ಟು ನನ್ನನ್ನೇ ಬೈಯುತ್ತಿದ್ದರು.

ಕೋಳಿಯಾದ ನವಿಲು

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರಿಗೆ ಲೆಕ್ಕ ಬರೆಯುವವನು ಬೇಕು ಎಂದು ಅಪ್ಪನಿಗೆ ಯಾರೋ ಹೇಳಿದರು. ಬಸ್ಸಿನ ಕಿಟಕಿ ಪಕ್ಕ ಕೂತೆ. ಮೊಳಕಾಲ್ಮೂರು ಹತ್ತಿರವಾದಂತೆ ಬಂಡೆಯ ಮೇಲೆ ಬಂಡೆ ಇಟ್ಟಂಥ ಗುಡ್ಡಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು. ಅವುಗಳ ಮೇಲೆ ಒಂದು ಕವನ ಹೊಳೆಯಿತು. ಎರಡನೇ ಸಾಲಿಗೆ ಬಂದು ಸಿಕ್ಕಿಕೊಂಡಿತು.

ವ್ಯಾಪಾರಿಯ ಮನೆ ಹೊಕ್ಕರೆ ಒಳಗೆಲ್ಲ ಮಗ್ಗದ ಸದ್ದು. ಟಕಾ ಟಕ್, ಟಕಾ ಟಕ್. ನಾನು ದಾರಿಯುದ್ದಕ್ಕೂ ಹುಡುಕಿದ್ದ ಲಯ ಅದೇ. ಸಾಲುಗಳು ತಾವಾಗಿಯೇ ಬಂದು ಕೂರತೊಡಗಿದವು. ನಾನು ತಲೆಯಾಡಿಸುತ್ತ ತಾಳ ಹಾಕುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ವ್ಯಾಪಾರಿ ನನ್ನನ್ನು ಸಂದರ್ಶನ ಮಾಡುತ್ತಿದ್ದರು. ಗಡಿಯ ಊರಾದ್ದರಿಂದ ಅವರ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುತ್ತಿತ್ತು.

‘ಲೆಕ್ಕ ಬರ್ತತಾ?’ ತಲೆಯಾಡಿಸಿದೆ.

‘ಊರಿಂದ ದಿನಾ ಓಡಾಡ್ತೀಯಾ?’ ತಲೆಯಾಡಿಸಿದೆ.

‘ಮಗ್ಗಂ ಪನಿ ಕೂಡಾ ತೆಲುಸಾ?’ ಅದಕ್ಕೂ ತಲೆಯಾಡಿಸಿದೆನಂತೆ.

ಅವರಿಗೆ ಬಹಳ ಸಂತೋಷವಾಯಿತು. ಲೆಕ್ಕ ಬರೆಯುವವನಿಗೆ ನೇಯುವುದೂ ಗೊತ್ತಿದೆ ಎಂದರೆ ಇನ್ನೇನು ಬೇಕು? ‘ಹಾಗಾದ್ರೆ ಕೂತ್ಕೊ, ನಿನ್ನ ಕೈ ನೋಡೋಣ’ ಎಂದರು. ನೇಕಾರ ಎದ್ದು ಜಾಗ ಕೊಟ್ಟ. ಕನಸಿನಿಂದ ಪೂರ್ತಿ ಎಚ್ಚರವಾಗುವಷ್ಟರಲ್ಲಿ ನನ್ನ ಎರಡು ಕಾಲೂ ಮಗ್ಗದ ಕುಣಿಯೊಳಗಿದ್ದವು, ಕೈಯಲ್ಲಿ ಹಗ್ಗ ಇತ್ತು. ‘ಗೊತ್ತಿಲ್ಲ’ ಎನ್ನಲು ನಾಚಿಕೆಯಾಗಿ ಎಳೆದುಬಿಟ್ಟೆ. ಲಾಳಿ ಹಾರಿ ಹೋಗಿ ಗೋಡೆಗೆ ಬಡಿಯಿತು, ಎಳೆಗಳು ಪಟಪಟನೆ ಹರಿದವು. ಅಂಚಿನಲ್ಲಿ ಮೂಡುತ್ತಿದ್ದ ನವಿಲು ಕತ್ತು ಕುಗ್ಗಿಸಿಕೊಂಡು ಕೋಳಿಯಾಗಿ ನಿಂತಿತು.

ವ್ಯಾಪಾರಿ ಕೋಪ ಮಾಡಿಕೊಳ್ಳಲಿಲ್ಲ. ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು. ‘ಕೆಲಸ ಕೊಡಾಕಾಗಲ್ಲಪ್ಪ. ಆದ್ರೆ ಈ ಸೀರೆ ತೆಗೆದಿಟ್ಟಿರ್ತೀನಿ. ನಿನ್ನನ್ನ ಒಪ್ಪೋ ಹುಡುಗಿ ಸಿಕ್ರೆ ಇದನ್ನೂ ಒಪ್ತಾಳೆ.’

ಸಾಯಲೊಲ್ಲದ ಅಣ್ಣ

ಶೇಂಗಾ ಗಾಡಿಗಳು ಮಾರುಕಟ್ಟೆಗೆ ಬರತೊಡಗಿದವು. ನನ್ನ ಗಡುವು ಮುಗಿಯುತ್ತ ಬಂತು. ಆಗ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಗುಮಾಸ್ತನನ್ನು ಹುಡುಕುತ್ತಿದ್ದಾರೆಂದು ತಿಳಿದು ಓಡಿದೆ. ಹಣೆತುಂಬ ವಿಭೂತಿ, ಮುಂದೆ ಹರವಿದ ಶೇಂಗಾ ಬೀಜ. ಒಂದೊಂದೇ ಬೀಜ ಹಿಚುಕಿ ನೋಡುತ್ತಲೇ ಮಾತಾಡಿದರು.

‘ಬರೀತೀಯಂತೆ?’

‘ಕೆಲಸ ಸಿಕ್ಕಿದ್ರೆ ಬಿಡ್ತೀನ್ರಿ’ ಎಂದೆ ಹೆದರಿ.

‘ಯಾಕ್ ಬಿಡ್ತೀಯಾ? ನಾಟಕ ಬರಿ.’

ವಿಷಯ ಇಷ್ಟೇ. ನಾಯಕನಹಟ್ಟಿ ಹತ್ತಿರದ ಅವರ ಹಳ್ಳಿಯಲ್ಲಿ ಶಾಲೆಯ ಚಾವಣಿ ರಿಪೇರಿಗೆಂದು ನಾಟಕ ಆಡುವವರಿದ್ದರು. ‘ವರ್ಷವರ್ಷ ಗದೆ ಹೊತ್ತು ನನ್ನ ಭುಜ ಬಿದ್ದೋಗೈತೆ. ಈ ಸಲ ಸಾಮಾಜಿಕ ನಾಟಕ ಆಗ್ಲಿ, ನಂಗೆ ಕುರ್ಚಿ ಮೇಲೆ ಕೂತು ಮಾತಾಡೋ ಪಾರ್ಟು ಇರ್ಲಿ. ನಾಟಕ ಆದ ಮಾರನೇ ದಿನ ನೀನು ಬಂದು ಇಲ್ಲಿ ಕುರ್ಚಿ ಮೇಲೆ ಕೂತ್ಕೊ. ಇರೋದು ಒಂದೇ ಕುರ್ಚಿ, ಯಾರಿಗೂ ಕೊಡಲ್ಲ.’

ನನಗೆ ಗೊತ್ತಿದ್ದದ್ದು ಒಂದೇ ಕಥೆ. ಮೊದಲ ಅಂಕದಲ್ಲಿ ನಿರುದ್ಯೋಗಿ ನಾಯಕ ಮಿಲ್ ಮಾಲೀಕನ ಕಾಲು ಹಿಡಿದು ಕೆಲಸ ಕೇಳುತ್ತಾನೆ. ಮಾಲೀಕ ಹೊರಗೆ ದಬ್ಬುತ್ತಾನೆ. ಎರಡನೇ ಅಂಕದಲ್ಲಿ ನಾಯಕ ಬಯಲಲ್ಲಿ ಅಲೆಯುತ್ತಾನೆ, ಹಾಡುತ್ತಾನೆ. ಮೂರನೇ ಅಂಕದಲ್ಲಿ ದೊಡ್ಡ ಸಾಹಿತಿಯಾಗುತ್ತಾನೆ, ನಾಡೇ ಅವನಿಗೆ ಹಾರ ಹಾಕುತ್ತದೆ. ಮೂರನೇ ಅಂಕ ಬರೆದ ವಾರ ನಾನು ನೆಲದ ಮೇಲೆ ನಡೆಯಲಿಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ.

ನಮ್ಮ ಕಡೆ ನಾಟಕದ ಪಾರ್ಟು ಪುಗಸಟ್ಟೆ ಸಿಗುವುದಿಲ್ಲ, ದುಡ್ಡು ಕಟ್ಟಿ ತಗೋಬೇಕು. ಕಟ್ಟಿದವನ ಮಾತು ನಡೆಯುತ್ತದೆ. ನಾಯಕನ ಅಣ್ಣನ ಪಾರ್ಟು ತಗೊಂಡದ್ದು ಟ್ರ್ಯಾಕ್ಟರ್ ಇಟ್ಟಿದ್ದ ರೈತ. ನಾನು ಬರೆದಂತೆ ಅಣ್ಣ ಮೊದಲ ದೃಶ್ಯದಲ್ಲೇ ಸಾಯಬೇಕು. ಆತ ತಾಲೀಮಿನ ಹೊತ್ತಿಗೆ ಸಾಯಲೊಪ್ಪಲಿಲ್ಲ.

‘ನಮ್ಮ ಬೀಗರು ಬರೋದೇ ಲೇಟು. ಅವರು ಬಂದು ಕೂರೋದ್ರೊಳಗೆ ನನ್ನ ಹೆಣ ಎತ್ತಿದ್ರೆ ಮರ್ಯಾದೆ ಏನ್ ಉಳೀತತೆ?’

ಅಣ್ಣನಿಗೆ ಕ್ಷಯ ತರಿಸಿ ಮೂರನೇ ಅಂಕದವರೆಗೆ ಎಳೆದೆ. ಆತನಿಗೆ ಸಮಾಧಾನವಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, ‘ಸತ್ತ ಮೇಲೆ ಒಂದು ಹಾಡು ಕೊಡೋಕಾಗ್ತತಾ?’ ಎಂದ. ಕೊಟ್ಟೆ.

ಮೊದಲ ಅಂಕ

ನಾಯಕನ ಪಾರ್ಟು ಸಿಕ್ಕಿದ್ದು ಬಸ್‌ಸ್ಟ್ಯಾಂಡ್ ಪಕ್ಕದ ಟೈಲರಿಗೆ. ರೆಡಿಮೇಡ್ ಬಟ್ಟೆ ಬಂದ ಮೇಲೆ ಅವನ ಅಂಗಡಿಗೆ ಜನ ಗುಂಡಿ ಹಾಕಿಸಲು ಮಾತ್ರ ಬರುತ್ತಿದ್ದರು. ದುಡ್ಡಿನ ಬದಲು ಪರದೆ, ಪೋಷಾಕು ಎಲ್ಲ ಹೊಲಿದುಕೊಡುತ್ತೇನೆಂದು ಒಪ್ಪಿಸಿದ್ದ.

ರಾತ್ರಿಯ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಭಾನುವಾರ ಮಧ್ಯಾಹ್ನವೇ ನಾಟಕ. ಶಾಲೆಯ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಾಹುಕಾರರ ತಾಯಿ, ಊರಿಗೆಲ್ಲ ಹಿರಿಯಜ್ಜಿ. ನಾನು ಪರದೆಯ ಹಿಂದೆ ಹಸ್ತಪ್ರತಿ ಹಿಡಿದು ಮಾತು ಹೇಳಿಕೊಡಲು ನಿಂತಿದ್ದೆ. ತೆಳ್ಳನೆ ಪರದೆಯ ಆಚೆ ಬಿಸಿಲು, ಬಿಸಿಲಲ್ಲಿ ನಾನು ಬರೆದ ಮಾತು ಜೀವ ತಳೆದು ಓಡಾಡುತ್ತಿತ್ತು. ನಾಳೆಯಿಂದ ಮಿಲ್ಲಿನ ಕುರ್ಚಿ, ಸಂಜೆ ಮಹಡಿ. ಅಷ್ಟು ಸುಖವಾದ ಮಧ್ಯಾಹ್ನ ನನಗೆ ಮತ್ತೆ ಸಿಕ್ಕಿಲ್ಲ.

ಕಾಲು ಹಿಡಿಯುವ ದೃಶ್ಯ ಬಂತು. ಟೈಲರ್, ಮಿಲ್ ಮಾಲೀಕನ ಪಾರ್ಟು ಹಾಕಿ ಕುರ್ಚಿ ಮೇಲೆ ಕೂತಿದ್ದ ಸಾಹುಕಾರರ ಮುಂದೆ ಮಂಡಿಯೂರಿ ನನ್ನ ಮಾತುಗಳನ್ನು ಶುರು ಮಾಡಿದ. ತಾಲೀಮಿನಲ್ಲಿ ಗಿಣಿಪಾಠ ಒಪ್ಪಿಸುತ್ತಿದ್ದವನು ಅವತ್ತು ನಿಜವಾಗಿ ಅತ್ತ. ‘ಕೈಯಲ್ಲಿ ಕಸುಬು ಐತೆ, ಕೇಳೋರಿಲ್ಲ. ಬೆಳಿಗ್ಗೆ ಬಾಗಿಲು ತೆಗೀತೀನಿ, ಸಂಜೆ ಮುಚ್ತೀನಿ. ಮನೆಗೆ ಯಾವ ಮುಖ ಹೊತ್ತು ಹೋಗ್ಲಿ?’ ಎಂದು ನಾನು ಬರೆಯದ ಮಾತನ್ನೂ ಸೇರಿಸಿದ. ಅಂಗಳದಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಹುಕಾರರು ‘ಹೊರಗೆ ನಡಿ’ ಎನ್ನಬೇಕು. ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಎದ್ದು ನಿಂತಳು.

‘ಲೇ, ಅವನ ಕಣ್ಣೀರು ನೋಡಲೇ. ಮಿಲ್ಲು ನೀನು ಕಟ್ಟಿದ್ದಲ್ಲ, ನಿಮ್ಮಪ್ಪ ಕಟ್ಟಿದ್ದು. ಕೊಡು ಕೆಲಸಾನ.’

‘ಅವ್ವಾ, ಇದು ನಾಟಕ’ ಎಂದರು ಸಾಹುಕಾರರು ಮೆಲ್ಲಗೆ.

‘ನಾಟಕ ಆದ್ರೇನು, ಮಿಲ್ಲು ಐತಲ್ಲ?’

‘ಕೊಡ್ರಿ, ಕೊಡ್ರಿ’ ಎಂದು ಅಂಗಳವೆಲ್ಲ ಎದ್ದಿತು. ಅವರೆಲ್ಲ ಸಾಹುಕಾರರ ಮಿಲ್ಲಿಗೇ ಶೇಂಗಾ ಹಾಕುವವರು. ನಾನು ಪರದೆಯ ಸಂದಿಯಿಂದ ‘ಹೊರಗೆ ನಡಿ, ಹೊರಗೆ ನಡಿ’ ಎಂದು ಹೇಳಿಕೊಡುತ್ತಲೇ ಇದ್ದೆ. ಸಾಹುಕಾರರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ತಾಯಿಯ ಕಡೆ ನೋಡಿದರು.

‘ಆಯ್ತು, ನಾಳೆ ಬೆಳಿಗ್ಗೆ ಬಾ.’

ಶಿಳ್ಳೆ, ಚಪ್ಪಾಳೆ. ನಾಯಕನಿಗೆ ಕೆಲಸ ಸಿಕ್ಕಿದ ಮೇಲೆ ಇನ್ನೇನು ಕಥೆ ಎಂದು ಜನ ಎದ್ದು ಮನೆಗೆ ಹೊರಟರು. ನನ್ನ ಎರಡನೇ ಅಂಕ, ಮೂರನೇ ಅಂಕ, ನಾಡು ಹಾಕಬೇಕಿದ್ದ ಹಾರ, ಎಲ್ಲ ಪರದೆಯ ಹಿಂದೆಯೇ ಉಳಿದವು.

ಮರುದಿನ ಇಸ್ತ್ರಿ ಅಂಗಿ ತೊಟ್ಟು ಮಿಲ್ಲಿಗೆ ಹೋದೆ. ಕುರ್ಚಿಯ ಮೇಲೆ ಟೈಲರ್ ಕೂತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ. ‘ನೀವ್ ಬರೆದಿದ್ದನ್ನೇ ಹೇಳಾಕೆ ಹೋದೆ ಅಣ್ಣ, ನಂಬ್ರಿ. ಬಾಯಿ ತೆಗೆದ್ರೆ ನನ್ನ ಕಥೇನೇ ಬಂತು’ ಎಂದ. ಕಣ್ಣು ಮತ್ತೆ ತುಂಬಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವತ್ತಿನಿಂದ ಗೊಬ್ಬರದ ಅಂಗಡಿಯೇ ಗತಿ ಎಂದು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವನನ್ನು ಆ ಕುರ್ಚಿಯಿಂದ ಏಳಿಸಲು ನನಗೂ ಮನಸ್ಸಾಗಲಿಲ್ಲ. ನಾನು ಬರೆದದ್ದರಿಂದ ಒಬ್ಬನ ಮನೆಯ ಒಲೆ ಉರಿಯಿತು ಎಂದು ಒಳಗೆಲ್ಲೋ ಸಣ್ಣ ಹೆಮ್ಮೆಯೂ ಆಯಿತು.

ಸಾಹುಕಾರರು ನನ್ನ ಮುಖ ನೋಡದೆ ಶೇಂಗಾ ಬೀಜ ಹಿಚುಕುತ್ತಿದ್ದರು. ‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣಪ್ಪ. ಊರ ಮುಂದೆ, ಹೆತ್ತವ್ವನ ಮುಂದೆ ಹೇಳಿಬಿಟ್ಟೆ. ಏನ್ ಮಾಡ್ಲಿ?’

ನಾನು ಹೊರಡಲು ತಿರುಗಿದೆ. ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು.

‘ಮುಂದಿನ ವರ್ಷಕ್ಕೆ ಇನ್ನೊಂದು ಬರಿ. ಆದ್ರೆ ಕೆಲಸ ಕೇಳೋ ಪಾರ್ಟು ಬೇರೆಯೋರಿಗೆ ಕೊಡಬ್ಯಾಡ. ನೀನೇ ಹಾಕು.’