ನೆಲದೊಳಗೆ ಹೋದ ಚೆಂಡು

ನನ್ನ ಅಳಿಯನಿಗೆ ತಲೆಯಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ತಲೆ ಖಂಡಿತ ಇದೆ. ಆದರೆ ಎಲ್ಲರ ಹಾಗೆ ಹೆಗಲ ಮೇಲೆ ಒಂದೇ ಕಡೆ ಇಟ್ಟುಕೊಂಡಿಲ್ಲ. ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಚೂರು ಹಂಚಿಬಿಟ್ಟಿದ್ದಾನೆ!

ಅಳಿಯ ಎಂದರೆ ಔರಾದಿನ ನಮ್ಮಕ್ಕನ ಮಗ. ಭಾಲ್ಕಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಾನೆ. ನಾನು ಐದನೆಯ ಇಯತ್ತೆಗೇ ಶಾಲೆಗೆ ಶರಣೆಂದು ದುಡಿಮೆಗೆ ಬಿದ್ದವನು. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಭಾಲ್ಕಿಯ ಓಣಿಗಳಿಗೆ ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕರ್ ಎಳೆಯುತ್ತಿದ್ದೆ. ನಾನು ಹೋಗದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಇದು ಜಂಬವಲ್ಲ, ಬೇಕಾದರೆ ಓಣಿಯವರನ್ನೇ ಕೇಳಿ!

ಒಮ್ಮೆ ಔರಾದಿನಲ್ಲಿ ಅಕ್ಕ, ಒಲೆಯ ಮೇಲಿನ ಹಾಲು ನೋಡುತ್ತಿರು ಎಂದು ಅವನಿಗೆ ಹೇಳಿ ಹಿತ್ತಲಿಗೆ ಹೋದಳು. ಅವನು ನೋಡಿದ. ಹಾಲು ಬಿಸಿಯಾದದ್ದು ನೋಡಿದ, ಉಕ್ಕಿದ್ದು ನೋಡಿದ, ಒಲೆ ಆರಿದ್ದೂ ನೋಡಿದ. ಅಕ್ಕ ಬಂದು ಹಣೆ ಬಡಿದುಕೊಂಡರೆ ಇವನದು ತಣ್ಣಗಿನ ಉತ್ತರ: "ಉಕ್ಕಿದ್ರ ಇಳಸು ಅಂತ ನೀ ಹೇಳಿದ್ದಿಲ್ಲ, ಅವ್ವಾ. ಕಂಪ್ಯೂಟರೂ ಹಿಂಗೇ, ಹೇಳಿದ್ದಷ್ಟೇ ಮಾಡ್ತದ."

"ಹಂಗಾದ್ರ ಇವತ್ತು ಊಟಾನೂ ಅದರ ಹತ್ರಾನೇ ಕೇಳು," ಎಂದಳು ಅಕ್ಕ.

ಕಾಲೇಜಿನಲ್ಲಿ ಕಂಪ್ಯೂಟರುಗಳಿದ್ದವು, ಕರೆಂಟ್ ಇರುತ್ತಿರಲಿಲ್ಲ. ಬೇರೆಯವರಾದರೆ ಕಂಪ್ಯೂಟರಿನಿಂದ ಲೆಕ್ಕ ಮಾಡಿಸುವ ಪಾಠವನ್ನೇ ಬಿಡುತ್ತಿದ್ದರು. ಇವನು ಮಕ್ಕಳನ್ನೇ ಕಂಪ್ಯೂಟರ್ ಮಾಡಿದ! ಕಾಲೇಜಿನ ಹಿಂದಿನ ಕೆರೆ ಒಣಗಿ ಬಿರುಕುಬಿಟ್ಟಿತ್ತು. ಅದರೊಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಗೊಂದು ಬಿದಿರುಕೋಲು, ಒಂದು ಬಟ್ಟೆಚೂರು ಕೊಟ್ಟ. ಮೇಲಕ್ಕೆಸೆದ ಚೆಂಡು ಗಳಿಗೆಗಳಿಗೆಗೆ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ಲೆಕ್ಕ. ಮೊದಲನೆಯವನು ಚೆಂಡಿನ ಎತ್ತರ, ವೇಗ ಎರಡನ್ನೂ ಪಕ್ಕದವಳಿಗೆ ಹೇಳಬೇಕು. ಅವಳು ಅಷ್ಟರಲ್ಲಿ ಭೂಮಿ ಕಸಿದುಕೊಂಡ ವೇಗವನ್ನು ಕಳೆದು, ಹೊಸ ಎತ್ತರ ತೆಗೆದು, ಕೋಲಿಗೆ ಅಷ್ಟೆತ್ತರದಲ್ಲಿ ಬಟ್ಟೆ ಕಟ್ಟಿ, ತನ್ನ ಲೆಕ್ಕವನ್ನು ಮುಂದಿನವನಿಗೆ ದಾಟಿಸಬೇಕು. ಪೂರ್ತಿ ದಾರಿ ಯಾರಿಗೂ ಗೊತ್ತಿಲ್ಲ. ತನ್ನದೊಂದು ಹೆಜ್ಜೆ ಮಾತ್ರ ಗೊತ್ತು. ಆದರೂ ಕೆರೆಯ ದಂಡೆಯ ಮೇಲಿಂದ ನೋಡಿದರೆ ಬಟ್ಟೆಗಳೆಲ್ಲ ಬೀದರ ಕೋಟೆಯ ಕಮಾನಿನ ಹಾಗೆ ಏರಿ ಇಳಿದಿದ್ದವು.

ಇಳಿದವು, ಇಳಿದವು, ನೆಲ ಮುಟ್ಟಿದವು. ಅಲ್ಲಿಗೆ ಮುಗಿಯಬೇಕಲ್ಲವೇ? ಮುಗಿಯಲಿಲ್ಲ! ಸಾಲಿನಲ್ಲಿ ಇನ್ನೂ ಮಕ್ಕಳು ಉಳಿದಿದ್ದರು. ಮುಂದಿನವನ ಲೆಕ್ಕಕ್ಕೆ ಚೆಂಡು ನೆಲದಿಂದ ಮೊಳ ಕೆಳಗೆ ಬಂತು. ಗುರುವಿಗೆ ತಕ್ಕ ಶಿಷ್ಯ. ಬಟ್ಟೆ ಅಲ್ಲಿಗೇ ಮುಟ್ಟಲಿ ಎಂದು ಗುಂಡಿ ತೋಡತೊಡಗಿದ. ಅವನ ಪಕ್ಕದವನದು ಇನ್ನೂ ಆಳದ ಗುಂಡಿ!

ಬರಗಾಲದಲ್ಲಿ, ಒಣಗಿದ ಕೆರೆಯೊಳಗೆ, ಓದಿದ ಮನುಷ್ಯನೊಬ್ಬ ಸಾಲಾಗಿ ಕೋಲು ನಿಲ್ಲಿಸಿ ಗುಂಡಿ ತೋಡಿಸಿದರೆ ಜನ ಏನೆಂದುಕೊಳ್ಳಬೇಕು? ನೀರಿನ ಸೆಲೆ ಸಿಕ್ಕಿತೆಂದು ಸುದ್ದಿ ಹಬ್ಬಿತು. ಕೊಡ ಹಿಡಿದು ಹೆಂಗಸರು ಬಂದರು, ಗುದ್ದಲಿ ಹಿಡಿದು ಗಂಡಸರು ಬಂದರು. ಟ್ಯಾಂಕರ್ ನಿಲ್ಲಿಸಿ ನಾನೂ ಓಡಿದೆ. ಅಷ್ಟರಲ್ಲಿ ಅಜ್ಜನೊಬ್ಬ ಗುಂಡಿಯ ಮುಂದೆ ತೆಂಗಿನಕಾಯಿ ಒಡೆದೇಬಿಟ್ಟಿದ್ದ.

"ನೀರು ಎಷ್ಟು ಆಳದಾಗ ಅದರಿ ಸರ್?"

"ನೀರಲ್ಲರಿ ಅಜ್ಜಾರ, ಚೆಂಡು."

"ಚೆಂಡು ನೆಲದಾಗ ಹ್ಯಾಂಗ ಹೋಯ್ತರಿ?"

"ನೆಲ ಬಂದ್ರ ನಿಲ್ಲು ಅಂತ ನಾ ಹೇಳಿದ್ದಿಲ್ಲರಿ. ತಪ್ಪು ನಂದೇ."

ಅಜ್ಜ ಕಾಯಿಯ ಎರಡೂ ಹೋಳುಗಳನ್ನು ಎತ್ತಿ ಹೆಗಲ ವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ನಡೆದ. ನಮ್ಮವನಿಗೆ ಮಾತ್ರ ಖುಷಿಯೋ ಖುಷಿ! ಕರೆಂಟ್ ಇದ್ದಿದ್ದರೂ ಈ ಪಾಠ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲವಂತೆ.

ದೀಪಾವಳಿ ಮುಗಿದ ಮೇಲೆ ನಗು ಕಡಿಮೆಯಾಯಿತು. ಹಳ್ಳಿಯ ಜನ ದುಡಿಯಲು ಲಾರಿ ಹತ್ತಿ ಹೈದರಾಬಾದಿನ ಕಡೆ ಇಟ್ಟಿಗೆ ಸುಡುವ ಭಟ್ಟಿಗಳಿಗೆ ಹೊರಟರು; ಜೊತೆಗೆ ಮಕ್ಕಳೂ ಹೋದರು. ಕೆರೆಯೊಳಗಿನ ಸಾಲು ಹಲ್ಲುದುರಿದ ಬಾಯಿಯಂತಾಯಿತು. ಒಮ್ಮೆ ಪುಸ್ತಕ ಬಿಟ್ಟು ಇಟ್ಟಂಗಿ ಹೊತ್ತವರು ಪರೀಕ್ಷೆಗೆ ಮರಳುವುದು ಅಪರೂಪ. ಅದು ಅಳಿಯನಿಗೂ ಗೊತ್ತು, ನನಗಂತೂ ಚೆನ್ನಾಗಿ ಗೊತ್ತು. ಉಳಿದವರನ್ನೇ ಒತ್ತೊತ್ತಾಗಿ ನಿಲ್ಲಿಸು ಎಂದು ಎಲ್ಲರೂ ಹೇಳಿದರು. ಕೇಳಿದರೆ ಅವನು ನನ್ನ ಅಳಿಯ ಹೇಗಾದಾನು? ಖಾಲಿ ಜಾಗಗಳಲ್ಲಿ ಬರೀ ಕೋಲು ನೆಟ್ಟ. ಆ ಜಾಗದ ಸರದಿ ಬಂದಾಗ, ಹೋದ ಮಗುವಿಗೆ ಫೋನು. ಪಕ್ಕದವರು ಹೇಳಿದ್ದನ್ನು ಕೇಳಿಕೊಂಡು ಅದು ಇದ್ದಲ್ಲಿಂದಲೇ ತನ್ನ ಲೆಕ್ಕ ಮಾಡಿ ಹೇಳಬೇಕು!

ಒಂದು ಮಧ್ಯಾಹ್ನ ಸುಮ್ಮನೆ ನೋಡಲು ಹೋದ ನನ್ನ ಕೈಗೂ ಒಂದು ಕೋಲು ಬಂತು. ಸಾಯಗಾಂವದ ಹುಡುಗಿಯೊಬ್ಬಳದು, ಸಾಲಿನಲ್ಲಿ ಅವಳ ಜಾಗದ ನೆಲ ಗಟ್ಟಿಯಾಗಿ ನೆಡಲು ಬರಲಿಲ್ಲವಂತೆ. ಅವಳು ಹೈದರಾಬಾದಿನ ಆಚೆ ಇಟ್ಟಂಗಿ ಭಟ್ಟಿಯಲ್ಲಿದ್ದಳು. ಅವಳ ಸರದಿ ಬಂತು. ಅಳಿಯ ಫೋನು ಹಚ್ಚಿದ, ಎತ್ತಲಿಲ್ಲ. ಮತ್ತೆ ಹಚ್ಚಿದ, ಎತ್ತಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಅತ್ತ ಓಣಿಯವರು ನನ್ನ ಟ್ಯಾಂಕರಿಗೆ ಕಾಯುತ್ತಿದ್ದರು.

"ಆಕಿ ಲೆಕ್ಕ ನೀನೇ ಮಾಡಿ ಮುಗಸೋ. ನಿನಗೇನು ಬರಾಂಗಿಲ್ಲೇನು?"

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. "ನಾ ಮಾಡಿಬಿಟ್ರ ಆಕಿ ಇಲ್ಲದಂಗ ಆಗ್ತದ, ಮಾಮಾ."

ಎಲ್ಲರೂ ಬಿಸಿಲಲ್ಲೇ ಕಾದೆವು. ಕಡೆಗೆ ಫೋನು ತಾನಾಗಿಯೇ ಬಡಿದುಕೊಂಡಿತು. ಲಾರಿಯ ಸದ್ದು, ಏದುಸಿರು, ಆಮೇಲೆ ಹುಡುಗಿಯ ದನಿ.

"ಇಟ್ಟಂಗಿ ತುಂಬ್ಲಿಕ್ಕ ಹತ್ತಿದ್ದೆರಿ ಸರ್, ತಡ ಆಯ್ತು. ನನ್ನ ಜಾಗ ಅದ ಅಲ್ರಿ?"

"ಅದವ್ವ. ನಮ್ಮ ಮಾಮಾ ಹಿಡ್ಕೊಂಡು ನಿಂತಾರ."

ಪಕ್ಕದ ಹುಡುಗ ತನ್ನ ಲೆಕ್ಕ ಹೇಳಿದ. ಅವಳು ತನ್ನದನ್ನು ಮಾಡಿ ಹೇಳಿದಳು. ಬಟ್ಟೆ ನನ್ನ ಎದೆಯ ಮಟ್ಟಕ್ಕೆ ಬಂತು. ನಾನೇ ಕಟ್ಟಿದೆ. ಅವಳ ಲೆಕ್ಕವನ್ನು ಮುಂದಿನವನಿಗೆ ದಾಟಿಸಿದೆ, ತಪ್ಪಾಗಬಾರದೆಂದು ಮತ್ತೊಮ್ಮೆ ಹೇಳಿದೆ. ಓಣಿಯವರು ಬೈದಾರು, ಬೈಯಲಿ. ಸಾಲು ಮುಗಿಯುವವರೆಗೆ ಆ ಕೋಲು ಅಲುಗದಂತೆ ಹಿಡಿದುಕೊಂಡು ನಿಂತೆ.