ಹುಡುಗನೇ ಇಲ್ಲ ಎಂದ ಮಾವ

ನನ್ನ ಸೋದರಮಾವ ಹುಟ್ಟಿದಾಗ ಒಂದೇ ಕಣ್ಣು ಬಿಟ್ಟಿದ್ದನಂತೆ! ಇನ್ನೊಂದನ್ನು ಮುಚ್ಚಿಕೊಂಡೇ ಮೊದಲು ಸೂಲಗಿತ್ತಿಯನ್ನು, ಆಮೇಲೆ ಹೆತ್ತ ತಾಯಿಯನ್ನು, ಆಮೇಲೆ ತೊಟ್ಟಿಲನ್ನು ಮೇಲಿಂದ ಕೆಳಗೆ ನೋಡಿ, ಪರವಾಗಿಲ್ಲ ಅನ್ನಿಸಿದ ಮೇಲಷ್ಟೇ ಎರಡನೆಯದನ್ನು ಬಿಟ್ಟನಂತೆ. ಇದನ್ನು ಹೇಳಿದವಳು ನಮ್ಮಜ್ಜಿ. ಅಜ್ಜಿ ಸುಳ್ಳು ಹೇಳುವವಳಲ್ಲ. ಆದರೆ ಮಾವ ಈ ಕತೆಯನ್ನೂ ನಂಬುತ್ತಿರಲಿಲ್ಲ. "ಅವತ್ತು ಆಕಿಗೆ ಎಚ್ಚರ ಎಲ್ಲಿತ್ತು? ನೋಡಿದಾವ್ರು ಯಾರು, ಸಾಕ್ಷಿ ಯಾರು?" ಎನ್ನುತ್ತಿದ್ದ.

ಕೊಟ್ಟೂರಿನ ಕಾಳುಕಡಿ ಮಂಡಿಯೊಂದರಲ್ಲಿ ಮಾಲು ನೋಡುವುದು ಅವನ ಕೆಲಸ. ಚೂಪು ತುದಿಯ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ನಡುವಿನ ಕಾಳು ಜಾರಿ ಅಂಗೈಗೆ ಬೀಳುತ್ತದೆ. ಬಾಯಲ್ಲಿ ಒಳ್ಳೆಯ ಮಾಲು ಇಟ್ಟು ಒಳಗೆ ಹೊಟ್ಟು ತುಂಬಿದವರನ್ನು ಹಿಡಿದು ಹಿಡಿದು, ಅವನ ಕಣ್ಣಿಗೆ ಲೋಕವೆಲ್ಲ ಬಾಯಿ ಹೊಲಿದ ಚೀಲದ ಹಾಗೆಯೇ ಕಾಣುತ್ತಿತ್ತು. ಎದುರಿಗೆ ಬಂದ ಮನುಷ್ಯನನ್ನೂ, ಎಲ್ಲಿ ಚುಚ್ಚಿದರೆ ನಿಜ ಬಿದ್ದೀತು ಎಂಬಂತೆ ನೋಡುತ್ತಿದ್ದ. ನೆಂಟರು ನಮ್ಮ ಮನೆಗೆ ಬರುವುದು ಕಡಿಮೆಯಾದದ್ದು ಸುಮ್ಮನೆ ಅಲ್ಲ.

ಅವನ ಜೊತೆ ಬಸ್ಸು ಹತ್ತುವುದೆಂದರೆ ಪೂರ್ವಜನ್ಮದ ಪಾಪ! ಒಮ್ಮೆ ಕೂಡ್ಲಿಗಿಗೆ ಹೊರಟಿದ್ದೆವು. ಬಸ್ಸಿನ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ 'ಕೂಡ್ಲಿಗಿ' ಎಂದು ಬರೆದಿತ್ತು. ಮಾವ ಬೋರ್ಡು ಓದಿ ಡ್ರೈವರನನ್ನು ಕೇಳಿದ. ಅವನು ಕೂಡ್ಲಿಗಿ ಎಂದ. ಕಂಡಕ್ಟರನನ್ನು ಕೇಳಿದ. ಅವನೂ ಕೂಡ್ಲಿಗಿ ಎಂದ. ಸೀಟಿನಲ್ಲಿ ಕೂತ ಮುದುಕಿಯನ್ನು ಕೇಳಿದ. "ಕೂಡ್ಲಿಗಿಗೇ ಹೊಂಟೀನಪ್ಪ" ಎಂದಳು ಆಕೆ. ಮಾವ ನನ್ನ ರಟ್ಟೆ ಹಿಡಿದು ದರದರ ಕೆಳಗಿಳಿಸಿದ.

"ಯಾಕ ಮಾವ?"

"ಮೂರೂ ಮಂದಿ ಒಂದ ಮಾತು ಹೇಳ್ತಾರಂದ್ರ ಮೊದ್ಲ ಮಾತಾಡ್ಕೊಂಡಾರ!"

ನಾವು ಅವತ್ತು ಕೂಡ್ಲಿಗಿಗೆ ಹೋಗಲೇ ಇಲ್ಲ. ಹರಪನಹಳ್ಳಿಯ ಡಾಕ್ಟರು ನಾಲಿಗೆ ತೋರಿಸಿ ಎಂದಾಗ "ಮೊದ್ಲ ನಿಮ್ದು ತೋರಸ್ರಿ" ಎಂದು ಕೂತದ್ದೂ ಇವನೇ. ಪಾಪ, ಆ ಡಾಕ್ಟರು ಒಳ್ಳೆಯವರು, ತೋರಿಸಿದರಂತೆ. ಅವರ ನಾಲಿಗೆ ಬೆಳ್ಳಗಿತ್ತು ಎಂಬ ಕಾರಣಕ್ಕೆ ಅವರು ಕೊಟ್ಟ ಔಷಧಿಯನ್ನು ಮಾವ ಕುಡಿಯಲಿಲ್ಲ.

ಇಂಥವನಿಗೆ ಮದುವೆ ಹೇಗಾದೀತು ಹೇಳಿ? ಆಗಲಿಲ್ಲ. ವಿಚಾರಣೆ ಮುಗಿಯುವಷ್ಟರಲ್ಲಿ ಹೆಣ್ಣುಗಳಿಗೆ ಬೇರೆ ಕಡೆ ಮದುವೆಯಾಗಿ ಮಕ್ಕಳಾಗುತ್ತಿದ್ದವು! ಹಾಗಾಗಿ ಮನೆಯಲ್ಲಿ ಇದ್ದದ್ದು ಅಜ್ಜಿ, ಮಾವ, ಮಾವನ ಅಕ್ಕನಾದ ನಮ್ಮವ್ವ ಮತ್ತು ನಾನು. ನಾನು ಮಾತು ಕಲಿಯುವ ಮೊದಲೇ ಅಪ್ಪ ತೀರಿಹೋಗಿದ್ದ. ಅವ್ವ ನನ್ನನ್ನು ಎತ್ತಿಕೊಂಡು ತವರಿಗೆ ಬಂದವಳು ಅಲ್ಲೇ ಉಳಿದಿದ್ದಳು.

ಎಪ್ಪತ್ತರ ದಶಕದ ಕೊನೆಗೆ ನನ್ನ ಮದುವೆಯ ಮಾತು ಶುರುವಾಯಿತು. ಅಪ್ಪ ಇಲ್ಲದ ಹುಡುಗಿ, ಹಾಗಾಗಿ ಗಂಡು ವಿಚಾರಿಸುವ ಕೆಲಸ ಮಾವನ ಪಾಲಿಗೆ ಬಂತು. ಹಾಲಿನಲ್ಲೂ ವಿಷವಿದೆ ಎಂದು ಅನುಮಾನಿಸುವ ಬೆಕ್ಕಿನ ಮುಂದೆ ಹಾಲಿನ ಪಾತ್ರೆ ಇಟ್ಟ ಹಾಗೆ! ಹಗರಿಬೊಮ್ಮನಹಳ್ಳಿಯ ಹುಡುಗನನ್ನು ನೋಡಿ ಬಂದು, "ಭಾಳ ನಗ್ತಾನ. ಏನೋ ಮುಚ್ಚಿಡಾಕತ್ಯಾನ" ಎಂದ. ಕೂಡ್ಲಿಗಿಯ ಹುಡುಗನನ್ನು ನೋಡಿ ಬಂದು, "ನಗೂದ ಇಲ್ಲ. ಮುಚ್ಚಿಟ್ಟದ್ದು ಭಾಳ ಐತಿ" ಎಂದ. ಅಜ್ಜಿಗೆ ರೋಸಿಹೋಯಿತು.

"ಯಾರೂ ನಿನ್ನ ಕಣ್ಣಿಗೆ ಬರಂಗಿಲ್ಲಂದ್ರ ನೀನ ಮಾಡ್ಕೊಂಬಿಡು ಅಕ್ಕನ ಮಗಳನ್ನ! ಸೋದರಮಾವ ಅದೀ, ನಮ್ಮಾಗ ನಡೀತೈತಿ."

ಮಾವ ಹೌಹಾರಿದ. "ನನಗ ಕೊಡ್ತಿಯೇನು ಆ ಕೂಸನ್ನ? ನಾ ಎಂಥಾವಂತ ವಿಚಾರ್ಸಿಯೇನು?" ಎಂದ.

ನಾವೆಲ್ಲ ನಕ್ಕೆವು. ಆದರೆ ರಾತ್ರಿ ಮಲಗಿದಾಗ ನನಗೆ ನಗು ಬರುತ್ತಿರಲಿಲ್ಲ. ನನ್ನ ವಾರಿಗೆಯ ಗೆಳತಿಯರೆಲ್ಲ ಗಂಡನ ಮನೆಗೆ ಹೋಗಿ ಕೂಸು ಕಟ್ಟಿಕೊಂಡು ತವರಿಗೆ ಬಂದು ಹೋಗುತ್ತಿದ್ದರು. ನಾನು ಮಾತ್ರ ಹೊಸ್ತಿಲ ಮೇಲೆ ನಿಂತಿದ್ದೆ. ಹೋಗಬೇಕು ಎಂಬ ಆಸೆ, ಹೋದಲ್ಲಿ ಏನು ಕಾದಿದೆಯೋ ಎಂಬ ಹೆದರಿಕೆ. ಯಾರಾದರೂ ಒಬ್ಬರು, ಏನೂ ಆಗುವುದಿಲ್ಲ ಹೋಗು ಎಂದಿದ್ದರೆ ಸಾಕಿತ್ತು. ಆದರೆ ಆ ಮಾತು ಹೇಳಬೇಕಾದವನು ಇವನು!

ಆಗ ಬಂತು ಹಡಗಲಿಯ ಸಂಬಂಧ. ತಂದವನು ಮೆಕ್ಯಾನಿಕ್ ಖಾಸಿಂಸಾಬ್, ಮಾವನಿಗಿದ್ದ ಒಬ್ಬನೇ ಗೆಳೆಯ. ಅವನ ಮೇಲೆ ಮಾವನಿಗೆ ಅಷ್ಟಿಷ್ಟು ನಂಬಿಕೆ ಇದ್ದದ್ದಕ್ಕೂ ಕಾರಣವಿತ್ತು. ಗಾಡಿ ರಿಪೇರಿ ಮಾಡಿ, "ಹೋದ್ರ ಹೋತು, ನಿಂತ್ರ ನಿಂತಿತು ಭಾಯ್, ಗ್ಯಾರಂಟಿ ಇಲ್ಲ" ಎನ್ನುವ ಮೆಕ್ಯಾನಿಕ್ ನಮ್ಮ ಸೀಮೆಯಲ್ಲಿ ಅವನೊಬ್ಬನೇ. "ಹಡಗಲಿಯಾಗ ಮಲ್ಲಿಗಿ ವ್ಯಾಪಾರದ ಮನಿ ಐತಿ. ಹೂವಿನ ಬುಟ್ಟಿ ಹೊರೋ ಅವರ ವ್ಯಾನು ನಾನ ನೋಡ್ಕೊಂತೀನಿ. ಹುಡುಗ ಚೊಲೋ ಅದಾನ" ಎಂದು ಫೋಟೋ ಕೊಟ್ಟ. ಫೋಟೋದ ಹುಡುಗ ಕ್ಯಾಮೆರಾ ಕಡೆ ನೋಡದೆ ಪಕ್ಕದಲ್ಲೇನನ್ನೋ ನೋಡಿ ನಗುತ್ತಿದ್ದ. ಅದೇನಿರಬಹುದು ಎಂದು ನಾನು ದಿನವಿಡೀ ಯೋಚಿಸಿದೆ. ಈ ಸಂಬಂಧ ತಪ್ಪಬಾರದು ಎಂದು ಮೊದಲ ಸಲ ಅನ್ನಿಸಿದ್ದೂ ಅವತ್ತೇ. ಮಾವ ಮಾತ್ರ, "ಸಂಜಿಗೆ ಅರಳಿ ಮುಂಜಾನೆಗೆ ಬಾಡೋ ಮಾಲು ನಂಬಿದ ಮನಿ! ನೋಡೂಣು" ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ.

ಈಗ ಒಂದು ಮಾತು. ನಮ್ಮ ಕಡೆ ಹಡಗಲಿ ಎಂದರೆ ಹಾಲು ಕುಡಿಯುವ ಕೂಸಿಗೂ ಹೂವಿನಹಡಗಲಿಯೇ. ಹಿರೇಹಡಗಲಿ ಎಂಬ ಇನ್ನೊಂದು ಊರು ಅದೇ ತಾಲ್ಲೂಕಿನಲ್ಲಿದೆ, ಅದನ್ನು ಹೇಳುವಾಗ 'ಹಿರೇ' ಸೇರಿಸಿಯೇ ಹೇಳುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮಾವನಿಗೆ ಅದೇ ಅನುಮಾನ! ಎಲ್ಲರೂ ತಾಲ್ಲೂಕಿನ ಊರು ಎಂದುಕೊಳ್ಳಲಿ ಅಂತ ಬೇಕೆಂದೇ 'ಹಿರೇ' ನುಂಗಿದ್ದಾರೆ, ಹಳ್ಳಿಯ ಹುಡುಗನನ್ನು ಪೇಟೆಯವನೆಂದು ದಾಟಿಸುತ್ತಿದ್ದಾರೆ ಎಂದು ದಾರಿಯಲ್ಲಿ ಹೊಳೆದುಬಿಟ್ಟಿತು. ಕಳ್ಳತನ ಹಿಡಿದ ಖುಷಿಯಲ್ಲಿ ನೆಟ್ಟಗೆ ಹಿರೇಹಡಗಲಿಗೆ ಹೋಗಿ ಇಳಿದ.

ಅಲ್ಲಿ ಕೇಳಿದ್ದಾದರೂ ಹೇಗೆ? ಹೆಸರು ಹೇಳಿದರೆ ಅವರಿಗೆ ಸುಳಿವು ಹತ್ತುತ್ತದಲ್ಲ! ಚಹಾದ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಕುರಿ ಹೊಡೆದುಕೊಂಡು ಹೋಗುವವರ ಹತ್ತಿರ, "ಇಲ್ಲಿ ಮಲ್ಲಿಗಿ ವ್ಯಾಪಾರ ಮಾಡೋ, ವ್ಯಾನು ಇರೋ ಮನಿ ಯಾವುದು?" ಎಂದ. ಅಂಥ ಮನೆ ಇಲ್ಲವೆಂದರು. ಎಷ್ಟು ಮಂದಿಯನ್ನು ಕೇಳಿದರೂ ಇಲ್ಲ. ಕೊನೆಗೊಬ್ಬ ಅಜ್ಜ, "ಯಪ್ಪಾ, ಮಲ್ಲಿಗಿ ಬೇಕಂದ್ರ ಹಡಗಲಿಗೆ ಹೋಗು" ಎಂದನಂತೆ. "ಮತ್ತ ಇದ್ಯಾವುದು?" ಎಂದು ಮಾವ ಅವನ ಮೇಲೇ ಹರಿಹಾಯ್ದ.

ಸಂಜೆ ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತು ಘೋಷಿಸಿದ. "ಹುಡುಗನ ಇಲ್ಲ!"

"ಊರಾಗಿಲ್ಲೇನು?" ಎಂದಳು ಅವ್ವ.

"ಭೂಮಿ ಮ್ಯಾಲ ಇಲ್ಲ! ಮನಿ ಇಲ್ಲ, ವ್ಯಾನಿಲ್ಲ, ಒಂದು ಹೂವಿನ ಗಿಡಾನೂ ಇಲ್ಲ. ಎಲ್ಲಾ ಬೋಗಸ್!"

ಖಾಸಿಂಸಾಬ್ ಯಾರದೋ ಗಾಡಿ ರಿಪೇರಿಗೆ ಹೊರಗೆ ಹೋಗಿದ್ದ. ಅವನು ಬರುವವರೆಗೆ ನಾನು ಇಲ್ಲದ ಹುಡುಗನ ಫೋಟೋ ಇಟ್ಟುಕೊಂಡು ಅತ್ತೆ. ನಗಬೇಡಿ, ನಿಜವಾಗಿ ಅತ್ತೆ. ಬಂದವನೇ ಸಂಗತಿ ಕೇಳಿ ತಲೆ ಚಚ್ಚಿಕೊಂಡು, "ಯಾ ಅಲ್ಲಾ! ಯಾವ ಹಡಗಲಿಗೆ ಹೋಗಿದ್ದ್ಯೋ ಮಾರಾಯ?" ಎಂದ. ತನ್ನ ತಪ್ಪು ಗೊತ್ತಾದ ಮೇಲೂ ಮಾವ ಸೋಲಲಿಲ್ಲ. ಹುಡುಗ ಇದ್ದಾನೆ ಎನ್ನುವುದಾದರೆ ಇಲ್ಲಿಗೇ ಬಂದು ತೋರಿಸಲಿ ಎಂದ.

ಖಾಸಿಂಸಾಬ್ ಆ ಮಾತನ್ನು ಅವತ್ತೇ ಹಡಗಲಿಗೆ ಮುಟ್ಟಿಸಿದ. ಬಂದನಲ್ಲ! ಮರುದಿನವೇ ಬೆಳಗಿನ ಬಸ್ಸಿಗೆ, ಒಂದು ಬುಟ್ಟಿ ಮಲ್ಲಿಗೆಯ ಸಮೇತ, ಆ ಹುಡುಗ ನಮ್ಮ ಅಂಗಳದಲ್ಲಿ ನಿಂತು, "ನಾನು ಅದೀನ್ರಿ" ಎಂದ. ಮಾವ ಒಂದು ಹೂವನ್ನು ಎತ್ತಿ ಮೂಸಿ, ತೊಟ್ಟು ಮುರಿದು ನೋಡಿದ.

"ಹೂವೇನೋ ಹಡಗಲಿದ. ಹುಡುಗ ಎಲ್ಲಿಯಾವ?"

ಅವನಿಗೆ ಸಿಟ್ಟು ಬರಬೇಕಿತ್ತು. ನಕ್ಕು ಕಟ್ಟೆಯ ಮೇಲೆ ಕೂತ. "ಕೇಳ್ರಿ, ನಾನ ಹೇಳಿಬಿಡ್ತೀನಿ. ನಮ್ಮಪ್ಪ ಭಾಳ ಸಿಡುಕ. ನನ್ನ ಎಡಗಿವಿ ಸ್ವಲ್ಪ ಮಂದ. ಮನಿ ಹಿತ್ತಲಕಡೆ ಸೋರ್ತೈತಿ. ಮೊಗ್ಗಿನ ಕಾಲದಾಗ ಬೆಳಕು ಹರಿಯೋದ್ರಾಗ ಎಲ್ಲಾರೂ ಏಳಬೇಕು, ಸೊಸಿ ಆದ್ರೂ ಅಷ್ಟ, ರಾಣಿ ಆದ್ರೂ ಅಷ್ಟ." ಬಾಗಿಲ ಸಂದಿಯಲ್ಲಿ ನಿಂತ ನಾನು, ಇನ್ನೊಂದಿಷ್ಟು ದೋಷ ಹೇಳಲಿ ದೇವರೇ, ಈ ದನಿ ನಿಲ್ಲದಿರಲಿ ಎಂದುಕೊಂಡೆ. ಮಾವ ಒಳಬಂದು ಅವ್ವನ ಕಿವಿಯಲ್ಲಿ ಪಿಸುಗುಟ್ಟಿದ. "ಇಷ್ಟು ನಿಜ ಹೇಳ್ತಾನಂದ್ರ, ಇದಕ್ಕಿಂತ ದೊಡ್ಡದೇನೋ ಒಳಗಿಟ್ಕೊಂಡಾನ!"

ಅಂತೂ ಅಜ್ಜಿಯ ಕಾಟಕ್ಕೆ ನಿಶ್ಚಯದ ದಿನ ಗೊತ್ತಾಯಿತು. ಹಡಗಲಿಯವರು ಬಂದು ಜಮಖಾನೆಯ ಮೇಲೆ ಕೂತರು. ವೀಳ್ಯದ ತಟ್ಟೆಯನ್ನು ಗಂಡಿನ ಕೈಗೆ ಕೊಟ್ಟರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿಯುವಂತಿಲ್ಲ. ಕೊಡಬೇಕಾದವನು ಮಾವ. ತಟ್ಟೆ ಎತ್ತಿಕೊಂಡ. ಎತ್ತಿಕೊಂಡವನು ಹಾಗೇ ಕೂತುಬಿಟ್ಟ. ಸಿಡುಕ ಎಂದು ಮೊದಲೇ ಗೊತ್ತಿದ್ದ ಹುಡುಗನ ಅಪ್ಪ, "ಏನ್ರಿ, ಇನ್ನೂ ಏನರ ಕೇಳೋದು ಉಳದೈತೇನು?" ಎಂದು ಗಂಟಲೇರಿಸಿದ. ಸಂಬಂಧ ಮುರಿದೇ ಹೋಯಿತು ಎಂದುಕೊಂಡು ನಾನು ಒಳಗೆ ಗೋಡೆ ಹಿಡಿದು ನಿಂತೆ.

ಮಾವನ ದನಿ ಕೇಳಿಸಿತು. ನಾನು ಯಾವತ್ತೂ ಕೇಳಿರದ ಸಣ್ಣ ದನಿ. "ಕೈ ಏಳವಲ್ದುರಿ. ಅವತ್ತೂ ಹಿಂಗ ತಟ್ಟಿ ಹಿಡ್ದಿದ್ದೆ. ನಮ್ಮಕ್ಕನ ಗಂಡನ್ನ ವಿಚಾರ್ಸಿ ಬಂದಾವ ನಾನ. ಬಂಗಾರದಂಥಾ ಮನಷ್ಯ, ಕಣ್ಮುಚ್ಚಿ ಕೊಡ್ರಿ ಅಂದಿದ್ದೆ. ಎದಿರೋಗ ಐತಿ ಅಂತ ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಇದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಆಗ ನನ್ನ ಪಕ್ಕದಲ್ಲಿದ್ದ ಅವ್ವ ಬಾಗಿಲು ದಾಟಿ ನಡೆದಳು. ಗಂಡ ಸತ್ತವರು ಶುಭಕಾರ್ಯದಲ್ಲಿ ಮುಂದೆ ಬರುವ ರೂಢಿ ಇರಲಿಲ್ಲ. ಬೀಗಿತ್ತಿಯರ ಕಡೆ ಗುಸುಗುಸು ಎದ್ದಿತು. ಅವ್ವ ಯಾರನ್ನೂ ನೋಡದೆ ಹೋಗಿ ತಮ್ಮನ ಎದುರು ಕೂತಳು.

"ಊರೂರು ತಿರುಗಿ ಮಂದೀನ ಕೇಳ್ತಿ. ಇಷ್ಟು ವರ್ಷದಾಗ ನನ್ನ ಒಂದು ಮಾತು ಕೇಳಿಯೇನು?"

"ಏನು ಕೇಳ್ಲಿ ಅಕ್ಕಾ?"

"ಆತನ ಕೂಡ ಹೆಂಗಿದ್ದಿ ಅಂತ ಕೇಳು."

ಮಾವ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ, "ಹೆಂಗಿದ್ದಿ?" ಎಂದ.

"ಚೊಲೋ ಇದ್ದೆ. ಸ್ವಲ್ಪ ದಿನಾನ ಇದ್ದೆ, ಖರೆ. ಆದ್ರ ಚೊಲೋ ಇದ್ದೆ. ರೋಗ ಐತಿ ಅಂತ ನೀ ಬಂದು ಹೇಳಿದ್ರೂ ನಾ ಆತನ್ನ ಮಾಡ್ಕೊಂತಿದ್ದೆ."

ಆ ಮಾತನ್ನು ಅವ್ವ ತಮ್ಮನಿಗೆ ಹೇಳಿದಳೋ ನನಗೆ ಹೇಳಿದಳೋ, ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು. ಮಾವ ವೀಳ್ಯದ ತಟ್ಟೆಯನ್ನು ಎತ್ತಿ ಅವ್ವನ ಕೈಯಲ್ಲಿಟ್ಟ. "ನೀನ ಕೊಡು" ಎಂದ. ಗುಸುಗುಸು ಇನ್ನೂ ಜೋರಾಯಿತು. ಇದೂ ಅವನ ಒಂದು ಪರೀಕ್ಷೆಯೇ ಇದ್ದೀತೇ ಎಂದು ನನಗೆ ಇಂದಿಗೂ ಸಣ್ಣ ಅನುಮಾನ! ಆದರೆ ಹುಡುಗ ತಡಮಾಡಲಿಲ್ಲ. ಎದ್ದು ಬಂದು ಅವ್ವನ ಮುಂದೆ ಮಂಡಿಯೂರಿ, ಎರಡೂ ಕೈಯೊಡ್ಡಿ ತಟ್ಟೆ ಇಸಿದುಕೊಂಡು ಹಣೆಗೆ ಒತ್ತಿಕೊಂಡ.

ಮಾವ ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ಈ ಮಾತು ಮೊದ್ಲ ಹೇಳಬಾರದಿತ್ತೇನು ಅಕ್ಕಾ?" ಎಂದ.

"ನೀ ಮೊದ್ಲ ಕೇಳಬಾರದಿತ್ತೇನು ತಮ್ಮಾ?" ಎನ್ನುತ್ತ ಅವ್ವ ಅಷ್ಟು ಜನರ ಎದುರಿಗೆ ಸೆರಗಿನಿಂದ ಅವನ ಮುಖ ಒರೆಸಿದಳು.